ಸ್ಟ್ರೇಟ್ ರೇಜರ್: ಕೆನ್ನೆ ಸಲೀಸು, ಗದ್ದ, ಮೂಗಿನ ಕೆಳಗೆ, ಕುತ್ತಿಗೆ ಹೇಗೆ ನಿಭಾಯಿಸ್ತೀರಿ?

ಸಾಗರದ_ಮಳೆ

ಎಲ್ಲರಿಗೂ ನಮಸ್ಕಾರ. ಕಳೆದ ಮಳೆಗಾಲದಿಂದ ಸ್ಟ್ರೇಟ್ ರೇಜರ್‌ನಲ್ಲೇ ಗಡ್ಡ ತೆಗೀತಿದೀನಿ. ಅಂಗಡಿಗಳಲ್ಲಿರೋ ಅರ್ಧ ಬ್ಲೇಡ್ ಸಿಕ್ಕಿಸೋ ಉಸ್ತ್ರಾ ಅಲ್ಲ, ಮಸೆದು ಬಳಸೋ ಕತ್ತಿ. ಅಲಗಿನ ಅಗಲ 5/8 ಇಂಚು, ಮೂತಿ (ಅಲಗಿನ ತುದಿ) ದುಂಡು. ಎರಡೂ ಕೆನ್ನೆ ಈಗ ನಿರಾಳ. ಮೂರು ಜಾಗದಲ್ಲಿ ಮಾತ್ರ ದಾರಿ ಕಾಣ್ತಿಲ್ಲ.

ಗದ್ದದ ತುದಿಗೆ ಬಂದ ಕೂಡಲೇ ಕತ್ತಿ ಕೂದಲು ಕತ್ತರಿಸೋ ಬದಲು ಎಳೆಯುತ್ತೆ. ಮೂಗಿನ ಕೆಳಗೆ ಜಾಗವೇ ಸಾಲಲ್ಲ, ಹಿಡಿ ಎಲ್ಲಿ ಇಟ್ಟರೂ ಮೂಗು ಅಡ್ಡ. ಇನ್ನು ಕುತ್ತಿಗೆ: ಎಡಗಡೆ ದವಡೆ ಮೂಳೆ ಕೆಳಗೆ ಒಂದು ಸುಳಿ ಇದೆ, ಅಲ್ಲಿ ಯಾವ ಕಡೆಯಿಂದ ಎಳೆದರೂ ಒಂದಷ್ಟು ಕೂದಲಿಗೆ ಉಲ್ಟಾ ಆಗುತ್ತೆ, ಮಾರನೇ ದಿನ ಕೆಂಪು ಗುಳ್ಳೆ.

'ಅಭ್ಯಾಸ ಆದ್ರೆ ಬರುತ್ತೆ' ಅಂತ ಎಲ್ಲರೂ ಹೇಳ್ತಾರೆ. ದಯವಿಟ್ಟು ಕೈ ಎಲ್ಲಿ ಇಡ್ತೀರಿ, ಚರ್ಮ ಯಾವ ಕಡೆ ಎಳೀತೀರಿ ಅಂತ ಬಿಡಿಸಿ ಹೇಳಿ.

ಸಾಣೆಕಲ್ಲು

ನೀವು ಬರೆದಿದ್ದರಲ್ಲಿ ಕತ್ತಿ ಹಿಡಿದ ಕೈಯ ಸುದ್ದಿ ಮಾತ್ರ ಇದೆ. ಎಡಗೈ ಏನು ಮಾಡ್ತಿದೆ ಅಂತ ಒಂದು ಮಾತೂ ಇಲ್ಲ. ನನ್ನ ಪ್ರಕಾರ ಈ ಮೂರೂ ಜಾಗದ ಗುಟ್ಟು ಎಡಗೈಯಲ್ಲೇ ಇರೋದು.

ಕೆನ್ನೆ ಯಾಕೆ ಸಲೀಸು? ಅಲ್ಲಿ ಚರ್ಮ ತಾನಾಗೇ ಸಪಾಟಾಗಿದೆ. ಕತ್ತಿಯ ಬಾಯಿ, ಅಂದರೆ ಹರಿತದ ಅಂಚು, ನೆಟ್ಟಗೆ ಸುಮಾರು 3 ಇಂಚು ಉದ್ದ. ಅದನ್ನು ಗದ್ದದ ಮೇಲೆ ಇಟ್ಟರೆ ಚರ್ಮಕ್ಕೆ ತಾಗೋದು ಕಾಲು ಇಂಚೂ ಇಲ್ಲ. ಕೈಯ ಅಷ್ಟೂ ಭಾರ ಆ ಚೂರು ಜಾಗದ ಮೇಲೆ. ಅದೂ ಅಲ್ಲದೆ, ಗದ್ದದ ದುಂಡಗಿನ ಆಕಾರಕ್ಕೆ ತಕ್ಕ ಹಾಗೆ ಕತ್ತಿ ತಿರುಗಿಸ್ತಾ ಹೋದರೆ ಕೋನ ಕ್ಷಣಕ್ಷಣಕ್ಕೂ ಬದಲಾಗುತ್ತೆ. ಹಾಗಾಗಿ ಗದ್ದದ ಚರ್ಮವನ್ನೇ ಸಪಾಟು ಜಾಗಕ್ಕೆ ಎಳೆದು ತನ್ನಿ. ಕತ್ತಿ ಕೆನ್ನೆ ಮೇಲೆ ಹೇಗೆ ನಡೆಯುತ್ತೋ ಇಲ್ಲೂ ಹಾಗೇ ನಡೆಯಲಿ.

ನಾನು ಮಾಡೋ ಕ್ರಮ ಹೇಳ್ತೀನಿ. ಕೆಳತುಟಿಯನ್ನು ಕೆಳಹಲ್ಲಿನ ಮೇಲೆ ಒಳಕ್ಕೆ ಮಡಚಿ. ತುಟಿಗೂ ಗದ್ದಕ್ಕೂ ನಡುವೆ ಇರೋ ತಗ್ಗು ಆಗಲೇ ಅರ್ಧ ಬಿಗಿಯಾಗುತ್ತೆ. ಆಮೇಲೆ ಎಡಗೈ ಹೆಬ್ಬೆರಳು, ತೋರುಬೆರಳಲ್ಲಿ ಗದ್ದದ ಚರ್ಮ ಚಿವುಟಿ ಹಿಡಿದು ಪಕ್ಕಕ್ಕೆ, ಕೆನ್ನೆ ಕಡೆ ಸರಿಸಿ. ಮೂಳೆ ಮೇಲಿದ್ದ ಕೂದಲು ಮೂಳೆ ಪಕ್ಕಕ್ಕೆ ಬರುತ್ತೆ. ಅಲ್ಲಿ ಅರ್ಧ ಇಂಚಿನ ಚಿಕ್ಕ ಎಳೆತ, ಅಷ್ಟೇ. ಆಮೇಲೆ ಚರ್ಮ ಬಿಟ್ಟು ಇನ್ನೊಂದು ಪಕ್ಕಕ್ಕೆ ಸರಿಸಿ. ಗದ್ದದ ಅಡಿಗೆ ತಲೆ ಹಿಂದಕ್ಕೆ ಚೆಲ್ಲಿ, ಗಂಟಲಿನ ಚರ್ಮ ಕೆಳಕ್ಕೆ ಎಳೆದು ಹಿಡಿದುಕೊಳ್ಳಿ.

ಕೋನವನ್ನೂ ಗಮನಿಸಿ. ಕೆನ್ನೆ ಮೇಲೆ ಸುಮಾರು 30 ಡಿಗ್ರಿ, ಅಂದರೆ ಕತ್ತಿಯ ಬೆನ್ನು (ಬಾಯಿಗೆ ಎದುರಿನ ದಪ್ಪ ಅಂಚು) ಚರ್ಮದಿಂದ ಎರಡು ಬೆನ್ನಗಲ, ಅಂದರೆ ಆ ಬೆನ್ನಿನ ದಪ್ಪದ ಎರಡರಷ್ಟು, ದೂರ. ಗದ್ದದ ಮೇಲೆ ಒಂದೇ ಬೆನ್ನಗಲ ಸಾಕು. ಅಲ್ಲಿ ಕೂದಲು ದಪ್ಪ, ಒತ್ತು. ಕೋನ ಹೆಚ್ಚಾದರೆ ಕತ್ತಿ ಕೆರೆಯೋಕೆ ಶುರು ಮಾಡುತ್ತೆ. ಕೈ ಪಳಗಿದ ಮೇಲೆ ಹುಲ್ಲು ಕೊಯ್ಯೋ ಕುಡುಗೋಲಿನ ಹಾಗೆ ಕತ್ತಿಯ ಹಿಮ್ಮಡಿಯನ್ನು (ಬಾಯಿಯ ಹಿಡಿ ಕಡೆಯ ಕೊನೆ) ಒಂದೇ ಕಡೆ ನಿಲ್ಲಿಸಿ ಮೂತಿಯನ್ನು ಮಾತ್ರ ಸಣ್ಣಗೆ ಬಾಗಿಸೋ ಎಳೆತವೂ ಬರುತ್ತೆ. ದಪ್ಪ ಕೂದಲು ಅದಕ್ಕೆ ಚೆನ್ನಾಗಿ ಬಗ್ಗುತ್ತೆ. ಆದರೆ ಎಚ್ಚರ, ಕತ್ತಿ ಅದರ ಬಾಯಿಯ ಉದ್ದಕ್ಕೆ ಜಾರಬಾರದು. ಚರ್ಮ ಕೊಯ್ಯೋದು ಹಾಗೆ ಜಾರಿದಾಗಲೇ.

ನೊರೆ ಹತ್ತಿದ ಬೆರಳು ಜಾರುತ್ತೆ ಅಂದರೆ ಪಟಿಕದ ಗಟ್ಟಿಯನ್ನು ಒದ್ದೆ ಮಾಡಿ ಎಡಗೈ ಬೆರಳ ತುದಿಗೆ ಉಜ್ಜಿಕೊಳ್ಳಿ. ಹಿಡಿತ ಗಟ್ಟಿಯಾಗುತ್ತೆ.

ಹುಬ್ಬಳ್ಳಿ_ಅಂಗಡಿ

ನಮಸ್ಕಾರ್ರೀ. ಹುಬ್ಬಳ್ಳ್ಯಾಗ ನಮ್ಮ ಅಜ್ಜನ ಕಾಲದಿಂದ ಅಂಗಡಿ ಐತ್ರಿ. ಸಾಣೆಕಲ್ಲು ಅವರು ಹೇಳಿದ್ದು ಖರೇ. ಹುಡುಗರಿಗೆ ಕಲಸುವಾಗ ನಾವು ಮೊದಲ ಕತ್ತಿ ಕೊಡಂಗಿಲ್ಲ. ನೊರೆ ಹಚ್ಚೂದು, ಚರ್ಮ ಹಿಡಿಯೂದು, ಇವೆರಡು ಕೈಗೆ ಹತ್ತಿದ ಮ್ಯಾಲೆ ಕತ್ತಿ.

ಒಂದು ಫರಕ ನೆನಪಿಡ್ರಿ. ಅಂಗಡ್ಯಾಗ ಗಿರಾಕಿ ಹಿಂದಕ್ಕ ಒರಗಿ ಕುಂತಿರ್ತಾನ, ಕುತ್ತಿಗಿ ಮ್ಯಾಲಕ್ಕ ಬಂದಿರ್ತದ. ನಾವು ಬಾಜೂಕ ನಿಂತು, ತಲಿ ಹಿಂದ ನಿಂತು, ಬೇಕಾದ ಕಡೆಯಿಂದ ಕೈ ಹಾಕ್ತೀವಿ. ಕ್ಷೌರ ಕಲಸೂ ಪುಸ್ತಕದಾಗ ಮಾರಿನ 14 ಭಾಗ ಮಾಡಿ, ಯಾವ ಭಾಗಕ್ಕ ಕೈ ಹ್ಯಾಂಗ ತಿರುಗಬೇಕು ಅಂತ 4 ನಮೂನಿ ಎಳೆತ ಹೇಳ್ತಾರ. ಅದೆಲ್ಲಾ ಇನ್ನೊಬ್ಬರಿಗೆ ಮಾಡೂ ಲೆಕ್ಕ. ನೀವು ಕನ್ನಡಿ ಮುಂದ ನಿಂತು ನಿಮಗ ನೀವೇ ಮಾಡ್ಕೊಳ್ಳುವಾಗ ನಿಮ್ಮ ಕೈನೇ ನಿಮ್ಮ ಕಣ್ಣಿಗೆ ಅಡ್ಡ ಬರ್ತದ. ಅದಕ್ಕ ಅಂಗಡಿ ನೋಡಿ ಕಲತದ್ದನ್ನ ಹಂಗಹಂಗೇ ಮಾಡಾಕ ಹೋಗಬ್ಯಾಡ್ರಿ.

ಮ್ಯಾಲಿನ ತುಟಿಗೆ: ತುಟಿನ ಹಲ್ಲಿನ ಮ್ಯಾಲೆ ಬಿಗಿಯಾಗಿ ಕೆಳಗ ಎಳಕೋರಿ. ಎಡಗೈ ಹೆಬ್ಬಟ್ಟಿನಿಂದ ಮೂಗಿನ ತುದಿ ಮೆಲ್ಲಕ ಮ್ಯಾಲಕ್ಕ ಎತ್ತರಿ. ಹೊರಗಿನ ಮೂಲಿಯಿಂದ ಶುರು ಮಾಡಿ ನಡುವಿಗೆ ಬರ್ರಿ, ನಡುವಿನ ತಗ್ಗು ಕಡೀಕ. ಎಲ್ಲಾ ಎಳೆತ ಮೂಗಿನಿಂದ ತುಟಿ ಕಡೆ. ತುಟಿ ಕೆಂಪು ಶುರು ಆಗೂಕಿಂತ ಮೊದಲ ಕತ್ತಿ ಎತ್ತಬೇಕು.

ಬಾಯಿ ಮೂಲಿ ಅಂದ್ರ ಕಡಕ ಜಾಗಾ. ಬಾಯಿ ಒಂಚೂರು ತೆರದು ಗಲ್ಲದ (ಕೆನ್ನೀದು) ಚರ್ಮ ಕಿವಿ ಕಡೆ ಎಳೀರಿ. ಕೆಲವರು ಗಾಳಿ ತುಂಬಿ ಗಲ್ಲ ಉಬ್ಬಿಸ್ತಾರ. ಸೇಫ್ಟಿ ರೇಜರಿಗೆ ಅದು ನಡೀತದ, ಕತ್ತಿಗೆ ಬ್ಯಾಡ್ರಿ. ಗಾಳಿ ಒಮ್ಮಿಗೆ ಸರಿದರ ಚರ್ಮ ಬಂದು ಕತ್ತಿಗೆ ಬಡೀತದ.

ಗಂಟಲ ಗಂಟಿಗೂ ಹಂಗ. 'ಉಗುಳು ನುಂಗಿ ಹಿಡ್ಕೋ' ಅಂತ ಹೇಳ್ತಾರ. ನುಂಗಿದಾಗ ಗಂಟು ಮ್ಯಾಲಕ್ಕ ಹೋಗೂದು ಖರೇ, ಆದರ ಎಷ್ಟೊತ್ತು ಹಿಡೀತೀರಿ? ಗಂಟಿನ ಮ್ಯಾಲಿನ ಚರ್ಮ ಎರಡು ಬೆರಳಿಂದ ಹಿಡಿದು ಬಾಜೂಕ ಎಳೀರಿ. ಅಲ್ಲಿ ಬೋಳಿಸಿ ಬಿಡ್ರಿ, ತಾನ ಜಾಗಕ್ಕ ಹೋಗ್ತದ.

ಸಾಗರದ_ಮಳೆ

ಇಬ್ಬರಿಗೂ ತುಂಬ ಥ್ಯಾಂಕ್ಸ್. ಚರ್ಮ ಸರಿಸೋದು ಅನ್ನೋ ಮಾತು ಎಲ್ಲೂ ಓದಿರಲಿಲ್ಲ, ಎಲ್ಲರೂ ಎಳೆಯೋದು ಅಂತಷ್ಟೇ ಬರೀತಾರೆ. ಮೂಗಿನ ಕೆಳಗಿನ ವಿಷಯಕ್ಕೆ ಇನ್ನೊಂದು ಪ್ರಶ್ನೆ: ದುಂಡು ಮೂತಿ ಕತ್ತಿ ಬಿಟ್ಟು ಚೌಕ ಮೂತಿದು ತಗೊಂಡ್ರೆ ಸುಲಭ ಆಗುತ್ತಾ?

ರೈನ್_ದಂಡೆ

ನಾನು ಜರ್ಮನಿಯ ಡ್ಯೂಸೆಲ್ಡಾರ್ಫ್‌ನಲ್ಲಿದ್ದೇನೆ. ಕತ್ತಿ, ಚೂರಿಗಳಿಗೆ ಹೆಸರಾದ ಸೋಲಿಂಗನ್ ಊರು ಇಲ್ಲಿಂದ ಲೋಕಲ್ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರ. ಅಲ್ಲಿನ ಗ್ರೇಫ್ರಾಟ್ ಎಂಬ ಹಳೆಯ ಭಾಗದಲ್ಲಿ ಕತ್ತಿ, ಚೂರಿಗಳದೇ ಒಂದು ಮ್ಯೂಸಿಯಂ ಇದೆ. 'ಸೋಲಿಂಗನ್' ಎಂಬ ಹೆಸರಿಗೆ 1938ರಿಂದಲೇ ಕಾನೂನಿನ ರಕ್ಷಣೆ ಇದೆ. ಬೇರೆ ಎಲ್ಲೋ ಮಾಡಿದ ಅಲಗಿನ ಮೇಲೆ ಅದನ್ನು ಒತ್ತುವಂತಿಲ್ಲ. ಹಳೆಯ ಕತ್ತಿ ಕೊಳ್ಳುವವರು ಇದ್ದರೆ ಈ ಮಾಹಿತಿ ಉಪಯೋಗಕ್ಕೆ ಬರಬಹುದು ಎಂದು ಹೇಳಿದೆ.

ನಿಮ್ಮ ಪ್ರಶ್ನೆಗೆ: ಚೌಕ ಮೂತಿಯ ಕತ್ತಿಯಲ್ಲಿ ತುದಿಯವರೆಗೂ ಹರಿತ ಇರುವುದರಿಂದ ಮೂಗಿನ ಹೊಳ್ಳೆಯ ಬುಡಕ್ಕೆ ಹೊಂದಿಕೊಂಡ ಕೂದಲು ಸಿಗುತ್ತದೆ ಎನ್ನುವುದು ನಿಜ. ಅದೇ ತುದಿ ಕಿವಿಗೆ, ಹೊಳ್ಳೆಗೆ ತಾಗಿದರೆ ಗಾಯವೂ ಅಷ್ಟೇ ಸುಲಭ. ಬಳಸುವವರಲ್ಲಿ ಅನೇಕರು ಆ ಚೂಪು ತುದಿಯನ್ನು ಮಾತ್ರ ಕಲ್ಲಿನ ಮೇಲೆ ಒಂದೆರಡು ಸಲ ಮೆಲ್ಲಗೆ ಉಜ್ಜಿ ಮೊಂಡು ಮಾಡಿಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಿಮಗೆ ಈಗ ಅದರ ಅಗತ್ಯವಿಲ್ಲ. ಮೂಗಿನ ಕೆಳಗೆ ಮೂತಿಗಿಂತ ಅಗಲ ಮುಖ್ಯ. 7/8, 8/8 ಕತ್ತಿ ನೋಡಲು ಭವ್ಯ, ನೊರೆಯನ್ನೂ ಜಾಸ್ತಿ ಹೊರುತ್ತದೆ, ಆದರೆ ಮೂಗಿನ ಕೆಳಗೆ ಹಿಡಿಸುವುದಿಲ್ಲ. ನಿಮ್ಮ 5/8 ಅಲ್ಲಿಗೆ ಹೇಳಿ ಮಾಡಿಸಿದ ಅಳತೆ.

ಹಿಡಿ ಅಡ್ಡ ಬರುತ್ತದೆ ಎಂದಿರಲ್ಲ, ಅದನ್ನು ನೇರ ರೇಖೆಗೆ ಬರುವಷ್ಟು ಬಿಚ್ಚಿ ನೋಡಿ. ಹಿಡಿ ಕಿವಿಯ ಕಡೆಗೆ ಅಡ್ಡಲಾಗಿ ಚಾಚಿರಲಿ, ಕತ್ತಿಯ ಬಾಯಿ ತುಟಿಗೆ ಸಮಾಂತರವಾಗಿರಲಿ. ಮೂತಿಯ ಕಡೆಯ ಅರ್ಧ ಇಂಚು ಮಾತ್ರ ಕೆಲಸ ಮಾಡಬೇಕು, ಉಳಿದ ಉದ್ದ ಗಾಳಿಯಲ್ಲಿರಬೇಕು. ಇನ್ನೂ ಕೂದಲು ಉಳಿದರೆ ನೊರೆ ಮತ್ತೆ ಹಚ್ಚಿ ಅಡ್ಡಕ್ಕೆ ಎಳೆಯಿರಿ. ತುಟಿಯಿಂದ ಮೂಗಿನ ಕಡೆ ಮೇಲಕ್ಕೆ ಎಳೆಯುವವರನ್ನು ನೋಡಿದ್ದೇನೆ, ನಾನು ಮಾಡುವುದಿಲ್ಲ. ಎಳೆತದ ಕೊನೆಗೆ ಸಿಗುವುದು ಮೂಗಿನ ಬುಡ. ಅಲ್ಲಿ ಕತ್ತಿ ನಿಲ್ಲಿಸಲು ಜಾಗವಿಲ್ಲ.

ಜಪಾನಿನ ಸಾಂಪ್ರದಾಯಿಕ ಕ್ಷೌರದ ಕತ್ತಿಯಾದ ಕಾಮಿಸೋರಿಗೆ ಮಡಚುವ ಹಿಡಿಯೇ ಇರುವುದಿಲ್ಲ, ಅಲಗು ಹಿಡಿ ಎರಡೂ ಒಂದೇ ಕಬ್ಬಿಣ. ಮೂಗಿನ ಕೆಳಗೆ ಅದು ಬಹಳ ಹಿತ. ಆದರೆ ಅದರ ಎರಡು ಪಕ್ಕಗಳ ಇಳಿಜಾರು ಒಂದೇ ಸಮ ಇರುವುದಿಲ್ಲವಾದ್ದರಿಂದ ಮಸೆಯುವುದನ್ನು ಬೇರೆಯಾಗಿಯೇ ಕಲಿಯಬೇಕು.

ಚರ್ಮ_ವೈದ್ಯೆ_ಮೈಸೂರು

ಕುತ್ತಿಗೆಯ ಬಗ್ಗೆ ಯಾರೂ ವಿವರವಾಗಿ ಬರೆದಿಲ್ಲ, ನಾನು ಬರೆಯುತ್ತೇನೆ. ನನ್ನ ಹತ್ತಿರ ಬರುವ ಗಂಡಸರಲ್ಲಿ ಕ್ಷೌರದ ತೊಂದರೆ ಎಂದರೆ ಬಹುಪಾಲು ಇದೇ ಜಾಗದ್ದು.

ಕುತ್ತಿಗೆಯ ಕೂದಲು ಚರ್ಮದಿಂದ ಬಹಳ ಓರೆಯಾಗಿ, ಬಹುತೇಕ ಮಲಗಿಕೊಂಡೇ ಹೊರಗೆ ಬರುತ್ತದೆ. ಗುಂಗುರು ಗಡ್ಡದವರಲ್ಲಿ ಅದು ಬಾಗಿರುತ್ತದೆ ಕೂಡ. ಇಂಥ ಕೂದಲನ್ನು ಕತ್ತರಿಸಿದಾಗ ಎರಡು ರೀತಿಯಲ್ಲಿ ತೊಂದರೆಯಾಗುತ್ತದೆ. ಒಂದು, ಚೂಪಾದ ತುದಿ ಹೊರಬಂದು ಬಾಗಿ ಪಕ್ಕದ ಚರ್ಮಕ್ಕೆ ಮತ್ತೆ ಚುಚ್ಚಿಕೊಳ್ಳುತ್ತದೆ. ಇನ್ನೊಂದು, ಚರ್ಮವನ್ನು ಜೋರಾಗಿ ಎಳೆದು ಉಲ್ಟಾ ಕತ್ತರಿಸಿದಾಗ, ಕೈ ಬಿಟ್ಟ ಕೂಡಲೇ ಕೂದಲಿನ ತುದಿ ಚರ್ಮದ ಮಟ್ಟಕ್ಕಿಂತ ಒಳಗೆ ಸರಿಯುತ್ತದೆ. ಬೆಳೆಯುವಾಗ ಹೊರಗೆ ಬರುವ ಮೊದಲೇ ಕೂದಲ ಚೀಲದ ಗೋಡೆಯನ್ನು ಚುಚ್ಚುತ್ತದೆ. ಆ ಕೆಂಪು ಗುಳ್ಳೆಗಳು ಇವೇ. ಸ್ಯೂಡೋಫಾಲಿಕ್ಯುಲೈಟಿಸ್ ಬಾರ್ಬೆ ಎನ್ನುತ್ತೇವೆ. ನಮ್ಮ ಮೈಬಣ್ಣದಲ್ಲಿ ಗುಳ್ಳೆ ಹೋದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಆದ್ದರಿಂದ 'ಎಡಗೈಯಲ್ಲಿ ಚರ್ಮ ಬಿಗಿ ಹಿಡಿಯಿರಿ' ಎಂಬ ಸಲಹೆಯನ್ನು ಕುತ್ತಿಗೆಯ ಮಟ್ಟಿಗೆ ನಾನು ಪೂರ್ತಿ ಒಪ್ಪುವುದಿಲ್ಲ. ಸಪಾಟಾಗುವಷ್ಟು ಹಿಡಿದರೆ ಸಾಕು, ತಮಟೆಯಷ್ಟು ಬಿಗಿ ಬೇಡ. ಕೂದಲು ಹೋಗುವ ದಿಕ್ಕಿನಲ್ಲೇ ಒಂದು ಸಲ. ಬೇಕೇ ಬೇಕು ಎಂದರೆ ನೊರೆ ಹಚ್ಚಿ ಅಡ್ಡಕ್ಕೆ ಇನ್ನೊಂದು ಸಲ. ಉಲ್ಟಾ ಬೇಡವೇ ಬೇಡ. ಸಾಗರದವರಿಗೆ ಈಗಾಗಲೇ ಗುಳ್ಳೆ ಇದ್ದರೆ ಆ ಜಾಗಕ್ಕೆ ಕೆಲವು ವಾರ ಕತ್ತಿ ತಾಗಿಸದೆ ಟ್ರಿಮ್ಮರ್‌ನಲ್ಲಿ ಚಿಕ್ಕದು ಮಾಡಿಕೊಳ್ಳಿ. ಪಿನ್ನಿನಿಂದ ಕೆದಕಬೇಡಿ. ಕಡಿಮೆಯಾಗದಿದ್ದರೆ ಹತ್ತಿರದ ಚರ್ಮದ ವೈದ್ಯರಿಗೆ ತೋರಿಸಿ, ಚಿಕಿತ್ಸೆ ಇದೆ.

ಮಚ್ಚೆ ಅಥವಾ ನರುಳಿ ಇದ್ದರೆ ಅದರ ಮೇಲೆ ಕತ್ತಿ ಹಾಯಿಸಬೇಡಿ, ಸುತ್ತ ಬಳಸಿ ಹೋಗಿ. ನರುಳಿಗೆ ಕಾರಣ ವೈರಸ್. ಒಮ್ಮೆ ಕತ್ತರಿಸಿದರೆ ಗಡ್ಡದ ಜಾಗಕ್ಕೆಲ್ಲ ಹರಡಬಹುದು.

ಹುಬ್ಬಳ್ಳಿ_ಅಂಗಡಿ

ಡಾಕ್ಟರಮ್ಮಾರ, ನಿಮ್ಮ ಮಾತು ಒಪ್ಪೀನ್ರಿ. ಆದರ ನಮ್ಮ ಕಡೆ ಬರೂ ಗಿರಾಕಿ 'ಕೈ ಆಡಿಸಿದರ ಕೂದಲ ಹತ್ತಬಾರದು, ಉಲ್ಟಾ ಹೊಡೀರಿ' ಅಂತಾನ. ಮದುವಿ ಸೀಜನ್ನಿನಾಗ ಅಂತೂ ಎಲ್ಲಾರಿಗೂ ಅದೇ ಬೇಕು. ಗುಂಗುರು ಗಡ್ಡ ಇದ್ದವರಿಗೆ ನಾನು ಕುತ್ತಿಗಿ ಉಲ್ಟಾ ಹೊಡ್ಯಾಂಗಿಲ್ಲ, ಸಿಟ್ಟಾದರೂ ಆಗಲಿ. ನೆಟ್ಟನ ಕೂದಲಿನವರಿಗೆ ಉಲ್ಟಾ ಹೊಡದರೂ ಗುಳ್ಳಿ ಏಳದವರು ಭಾಳ ಮಂದಿ ಅದಾರ. ಅದಕ್ಕ ಎಲ್ಲಾರಿಗೂ ಒಂದ ಕಾಯ್ದೆ ಹಚ್ಚಬ್ಯಾಡ್ರಿ ಅಂತ ನನ್ನ ವಿನಂತಿ.

ಸುಳಿ ಹುಡುಕೂದು ಹ್ಯಾಂಗ ಅಂದ್ರ: ಎರಡು ಮೂರು ದಿನ ಗಡ್ಡ ಬಿಡ್ರಿ. ಕಣ್ಣು ಮುಚ್ಚಿ ಬೆರಳ ತುದಿ ನಾಕೂ ಕಡೆ ಸವರ್ರಿ. ಯಾವ ಕಡೆ ಜಾರ್ತದೋ ಅದು ಸೀದಾ, ಯಾವ ಕಡೆ ಚುಚ್ಚತದೋ ಅದು ಉಲ್ಟಾ. ಕಣ್ಣಿಗೆ ಮೋಸ ಆಗ್ತದ, ಬೆರಳಿಗೆ ಆಗೂದಿಲ್ಲ.

ಚರ್ಮ_ವೈದ್ಯೆ_ಮೈಸೂರು

ಒಪ್ಪಿದೆ. ನನ್ನ ಮಾತು ಗುಳ್ಳೆ ಏಳುವವರಿಗೆ. ನೀವು ಗಿರಾಕಿ ಸಿಟ್ಟಾದರೂ ಉಲ್ಟಾ ಹೊಡೆಯದೆ ಕಳಿಸುತ್ತೀರಿ ಎಂದು ಓದಿ ನಿಜಕ್ಕೂ ಸಂತೋಷವಾಯಿತು.

ಸಾಣೆಕಲ್ಲು

ಸುಳಿಯ ಮೇಲೆ ಕತ್ತಿ ಹೇಗೆ ನಡೆಸಬೇಕು ಅನ್ನೋದಕ್ಕೆ: ಒಂದೇ ಉದ್ದ ಎಳೆತದಲ್ಲಿ ಮುಗಿಸೋ ಆಸೆ ಬಿಡಿ. ದವಡೆ ಅಂಚಿನ ಚರ್ಮವನ್ನು ಕೆನ್ನೆ ಮೇಲಕ್ಕೆ ಎತ್ತಿ ಹಿಡಿದರೆ ದವಡೆ ಕೆಳಗಿನ ಕೂದಲು ಮೂಳೆ ಮೇಲೆ ಬರುತ್ತೆ, ಹಳ್ಳದಲ್ಲಿದ್ದದ್ದು ದಿಬ್ಬಕ್ಕೆ ಬಂತು. ಅಲ್ಲಿ ಹೊರ ಅಂಚಿನಿಂದ ಶುರು ಮಾಡಿ ಚಿಕ್ಕ ಚಿಕ್ಕ ಎಳೆತ, ಪ್ರತಿ ಎಳೆತಕ್ಕೂ ಬೆರಳು ಹೇಳಿದ ದಿಕ್ಕು. ಕತ್ತಿಯನ್ನು ಆ ದಿಕ್ಕಿಗೆ ತಿರುಗಿಸೋಕೆ ಮಣಿಕಟ್ಟು ಬಗ್ಗದಿದ್ದರೆ ಮುಖ ತಿರುಗಿಸಿ. ಕುತ್ತಿಗೆಯ ಎಡಭಾಗಕ್ಕೆ ಎಡಗೈಯಲ್ಲೇ ಕತ್ತಿ ಹಿಡಿಯೋದು ಒಳ್ಳೇದು ಅನ್ನೋ ಪಕ್ಷ ನನ್ನದು. ಕೆನ್ನೆ ಮೇಲೆ ಎಡಗೈ ಪಳಗಿಸಿಕೊಂಡು ಆಮೇಲೆ ಕೆಳಗೆ ಇಳೀರಿ.

ಇನ್ನು ಗದ್ದದಲ್ಲಿ ಕೂದಲು 'ಎಳೆಯುತ್ತೆ' ಅಂದಿದ್ದೀರಿ. ಕೈ ಸರಿ ಇದ್ದೂ ಎಳೆದರೆ ಕತ್ತಿ ನೋಡಿ. ಕೆನ್ನೆ ಸರಾಗ ಆಯ್ತು ಅಂತ ಕತ್ತಿ ಹರಿತ ಇದೆ ಅಂದ್ಕೋಬೇಡಿ. ಮೊಂಡಾಗ್ತಿರೋ ಕತ್ತಿಯ ದೂರು ಮೊದಲು ಬರೋದು ಗದ್ದದಿಂದಲೇ. ಪ್ರತಿ ಸಲ ಬಳಸೋ ಮುಂಚೆ ಬಟ್ಟೆ ಪಟ್ಟಿ ಮೇಲೆ 20–30 ಸಲ, ಚರ್ಮದ ಪಟ್ಟಿ ಮೇಲೆ 50–60 ಸಲ ತೀಡಬೇಕು. ಬೆನ್ನು ಮುಂದೆ, ಬಾಯಿ ಹಿಂದೆ. ಪಟ್ಟಿ ತುದಿಯಲ್ಲಿ ತಿರುಗಿಸುವಾಗ ಬೆನ್ನಿನ ಮೇಲೆ ಹೊರಳಿಸಬೇಕು, ಬಾಯಿ ಮೇಲೆ ಹೊರಳಿಸಿದರೆ ಪಟ್ಟಿಯೂ ಹೋಯ್ತು ಕತ್ತಿಯೂ ಹೋಯ್ತು. ಪಟ್ಟಿ ಸಡಿಲ ಬಿಟ್ಟರೆ ಬಾಯಿ ದುಂಡಾಗುತ್ತೆ. ತೀಡಿದರೂ ಎಳೆದರೆ ಕಲ್ಲಿಗೆ ಹೋಗಬೇಕು: 8000 ಗ್ರಿಟ್ (ಕಲ್ಲಿನ ನುಣುಪಿನ ಸಂಖ್ಯೆ), ಆಮೇಲೆ 12000. ನಾನು ಬೆಲ್ಜಿಯಮ್ಮಿನ ಕೋಟಿಕ್ಯೂಲ್ ಕಲ್ಲು ಬಳಸ್ತೀನಿ. ಅದರಲ್ಲಿ ಮಸೆದ ಬಾಯಿ ಮುಖಕ್ಕೆ ಮೆತ್ತಗಿರುತ್ತೆ ಅನ್ನೋದು ನನ್ನ ಅನುಭವ, ಆದರೆ ಬೆಲೆ ಜಾಸ್ತಿ.

ಇನ್ನೊಂದು, ನೀರು. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಕಟ್ಟಲ್ಲ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಗಸಿಯಾಗಿ ಕೂರುತ್ತೆ. ಕೆನ್ನೆಗೆ ಆ ತೆಳ್ಳನೆ ನೊರೆ ಹೇಗೋ ಸಾಕಾಗಬಹುದು, ಗದ್ದಕ್ಕೆ ಸಾಲಲ್ಲ. ನೊರೆಗೆ ಮಾತ್ರ ಒಂದು ಲೋಟ ಫಿಲ್ಟರ್ ನೀರು ಇಟ್ಕೊಳ್ಳಿ. ಗದ್ದಕ್ಕೆ ಮೊದಲು ನೊರೆ ಹಚ್ಚಿ, ಕೊನೆಗೆ ಬೋಳಿಸಿ. ಕೂದಲು ನೀರು ಕುಡಿದು ಮೆತ್ತಗಾಗೋಕೆ 2–3 ನಿಮಿಷ ಬೇಕು. ಕೆನ್ನೆ ಮುಗಿಯೋವಷ್ಟರಲ್ಲಿ ಗದ್ದ ತಯಾರಾಗಿರುತ್ತೆ.

ಕಡಲತಡಿ

ಮಂಗಳೂರಿನಿಂದ ಒಂದು ಮಾತು ಸೇರಿಸ್ತೇನೆ. ನಿಮ್ಮ ಸಾಗರದಲ್ಲೂ ಮಳೆ ಕಮ್ಮಿ ಇಲ್ಲ ಅಲ್ವಾ. ಕತ್ತಿಯನ್ನು ಬಾತ್‌ರೂಮಿನಲ್ಲಿ ಇಡ್ಲೇಬೇಡಿ ಮಾರಾಯ್ರೆ. ಇದು ಕಾರ್ಬನ್ ಉಕ್ಕು, ಜೂನ್ ಜುಲೈಯಲ್ಲಿ ಬಾಯಿಗೆ ಕಣ್ಣಿಗೆ ಕಾಣದಷ್ಟು ತುಕ್ಕು ಹಿಡೀತದೆ. ಬೆನ್ನು ಪಳಪಳ ಇರ್ತದೆ, ಬಾಯಿ ಮಾತ್ರ ಗದ್ದಕ್ಕೆ ಬಂದಾಗ ಕಚ್ತದೆ. ಬಳಸಿದ ಮೇಲೆ ಮೆತ್ತಗಿನ ಬಟ್ಟೆಯಲ್ಲಿ ಒರೆಸಿ, ಚರ್ಮದ ಪಟ್ಟಿ ಮೇಲೆ ನಾಲ್ಕು ಸಲ ತೀಡಿ ತೇವ ತೆಗೆದು, ಹೊಲಿಗೆ ಮಷಿನಿನ ಎಣ್ಣೆ ಒಂದು ಹನಿ ಸವರಿ ಡಬ್ಬದಲ್ಲಿಡಿ. ಹಿಡಿಯ ಸಂದಿಯಲ್ಲಿ ನೀರು ನಿಲ್ತದೆ, ಅಲ್ಲೂ ಒರೆಸಿ.

ಹೊಸಬ_ತುಮಕೂರು

ಸರ್, ನಾನು ಇನ್ನೂ ಶುರು ಮಾಡಿಲ್ಲ. ಮಸೆಯೋ ಕತ್ತಿ, ಪಟ್ಟಿ, ಕಲ್ಲು ಎಲ್ಲ ಸೇರಿ ದುಬಾರಿ. ಅರ್ಧ ಬ್ಲೇಡ್ ಹಾಕೋ ಉಸ್ತ್ರಾದಲ್ಲಿ ಗದ್ದ, ತುಟಿ ಎಲ್ಲ ಕಲಿತು ಆಮೇಲೆ ಕತ್ತಿಗೆ ಹೋಗಬಹುದಾ?

ಸಾಣೆಕಲ್ಲು

ಹೋಗಬಹುದು, ಆದರೆ ಉಸ್ತ್ರಾ ಸುಲಭ ಅಂತ ತಿಳೀಬೇಡಿ. ಅದು ಹಗುರ, ಬಾಗಲ್ಲ, ಬ್ಲೇಡಿನ ಎರಡು ಮೂಲೆಯೂ ಚೂಪು. ಮಸೆಯೋ ಕತ್ತಿಯ ಭಾರ ಕೈಯನ್ನು ಸ್ಥಿರವಾಗಿ ನಡೆಸುತ್ತೆ, ಉಸ್ತ್ರಾದಲ್ಲಿ ಆ ಆಸರೆ ಇಲ್ಲ. ಗದ್ದ, ತುಟಿ ಮೇಲೆ ಅದು ಕತ್ತಿಗಿಂತ ಕಠಿಣ. ಶುರುವಿಗೆ ಬರೀ ಕೆನ್ನೆ ಮಾಡಿ, ಉಳಿದದ್ದನ್ನು ದಿನಾ ಬಳಸೋ ರೇಜರಿನಲ್ಲೇ ಮುಗಿಸಿ. ಎಷ್ಟು ವಾರ ಅಂತ ಲೆಕ್ಕ ಇಡಬೇಡಿ. ಕೆನ್ನೆಯಲ್ಲಿ ಎಡಗೈ ತಾನಾಗೇ ಜಾಗಕ್ಕೆ ಹೋಗೋಕೆ ಶುರುವಾದಾಗ ದವಡೆಗೆ ಇಳೀರಿ, ಗದ್ದ ಕೊನೆಗೆ.

ಹುಬ್ಬಳ್ಳಿ_ಅಂಗಡಿ

ತಮ್ಮಾ, ಬ್ಲೇಡ್ ಮುರಿಯುವಾಗ ಕಾಗದ ಬಿಚ್ಚಬ್ಯಾಡ. ಕಾಗದದಾಗ ಇಟ್ಟ ಮಡಚಿ ಲಟಕ್ ಅಂತ ಮುರಿ. ಉಸ್ತ್ರಾದಾಗ ಹಾಕಿದ ಮ್ಯಾಲೆ ಎರಡೂ ತುದಿ ಸಮ ಐತೇನು ಬೆಳಕಿಗೆ ಹಿಡದು ನೋಡು. ಒಂದು ಕಡೆ ಕೂದಲೆಳೆಯಷ್ಟು ಹೊರಗ ಬಂದಿದ್ದರ ಮೊದಲ ಎಳೆತಕ್ಕ ತುಟಿ ಕೊಯ್ತದ. ಬಳಸಿದ್ದು ಕಸದ ಬುಟ್ಟ್ಯಾಗ ಒಗೀಬ್ಯಾಡ, ಕಸ ಆರಿಸೂ ಅಕ್ಕಗೋಳ ಕೈ ಕೊಯ್ತದ. ಹಳೇ ಡಬ್ಬಿಗೆ ಸೀಳು ಮಾಡಿ ಅದರಾಗ ಹಾಕು.

ನಮ್ಮ ಅಜ್ಜ ಮಸೆಯೂ ಕತ್ತಿನೇ ಬಳಸ್ತಿದ್ದ. ಕಲ್ಲಿನ ಮ್ಯಾಲೆ ಮಸದು ಅಂಗೈಗೆ ತೀಡತಿದ್ದ, ಅಂಗೈ ಚರ್ಮ ನುಣ್ಣಗ ಆಗಿತ್ತು. ಏಡ್ಸ್, ಕಾಮಾಲಿ ಸುದ್ದಿ ಬಂದ ಮ್ಯಾಲೆ ಅಂಗಡಿಗೋಳು ಅರ್ಧ ಬ್ಲೇಡಿಗೆ ಬಂದವು. ಅದು ಛಲೋ ಆತು. ಒಬ್ಬರಿಗೊಂದು ಬ್ಲೇಡ್, ಇದರಾಗ ರಾಜಿ ಇಲ್ಲ.

ಚರ್ಮ_ವೈದ್ಯೆ_ಮೈಸೂರು

ಮನೆಯಲ್ಲೂ ಅದೇ ನಿಯಮ. ಅಣ್ಣತಮ್ಮಂದಿರು ಒಂದೇ ಕತ್ತಿ ಹಂಚಿಕೊಳ್ಳಬೇಡಿ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ.

ರೈನ್_ದಂಡೆ

ಕಿವಿಯ ಪಕ್ಕದ ವಿಷಯ ಬಿಟ್ಟುಹೋಗಿದೆ. ಅಲ್ಲಿ ಎಲ್ಲರ ಕಣ್ಣೂ ಕತ್ತಿಯ ಮೂತಿಯ ಮೇಲಿರುತ್ತದೆ, ಗಾಯ ಮಾಡುವುದು ಎಷ್ಟೋ ಸಲ ಹಿಮ್ಮಡಿ. ಕಿವಿಯ ಹಾಲೆಯನ್ನು ಹಿಂದಕ್ಕೆ ಮಡಚಿ ಹಿಡಿದು, ಕಿವಿಯ ಮುಂದೆ ಇಳಿಯುವ ಕೂದಲು (ಸೈಡ್‌ಬರ್ನ್) ಎಲ್ಲಿ ಮುಗಿಯಬೇಕೋ ಅಲ್ಲಿಂದ ಕೆಳಕ್ಕೆ ಒಂದೇ ಎಳೆತ ಸಾಕು.

ಸಾಗರದ_ಮಳೆ

ಹೇಳಿದ ಹಾಗೆ ಮಾಡಿ ನೋಡಿದೆ. ತುಟಿ ಮಡಚಿ, ಚರ್ಮ ಪಕ್ಕಕ್ಕೆ ಸರಿಸಿ, ಬೆನ್ನು ಇಳಿಸಿ ಎಳೆದಾಗ ಗದ್ದದಲ್ಲಿ ಕತ್ತಿಯ ಸದ್ದೇ ಬೇರೆ ಬಂತು, ಕೆನ್ನೆ ಮೇಲೆ ಬರೋ ಸಣ್ಣ ಸರಸರ. ಪಟಿಕ ಬೆರಳಿಗೆ ಹಚ್ಚೋದು ಬಹಳ ಉಪಯೋಗ ಆಯ್ತು. ಮೂಗಿನ ಕೆಳಗೆ ಹಿಡಿ ಪೂರ್ತಿ ಬಿಚ್ಚಿ ಹಿಡಿದ ಮೇಲೆ ಜಾಗ ಸಿಕ್ತು. ಸುಳಿಯ ಜಾಗಕ್ಕೆ ಡಾಕ್ಟರ್ ಹೇಳಿದ ಹಾಗೆ ಸದ್ಯಕ್ಕೆ ಕತ್ತಿ ತಾಗಿಸ್ತಿಲ್ಲ.

ಶಿರಸಿ_ಮಗಳು

ಬೇರೆ ಪ್ರಶ್ನೆ, ಆದರೆ ಇಲ್ಲಿ ಅಂಗಡಿಯವರೂ ಡಾಕ್ಟರೂ ಇಬ್ಬರೂ ಇದ್ದೀರಿ ಅಂತ ಕೇಳ್ತಾ ಇದ್ದೇನೆ. ನಮ್ಮ ಅಪ್ಪನಿಗೆ ಪಾರ್ಶ್ವವಾಯು ಆಗಿದೆ. ಬಲಗಡೆ ಬಾಯಿ ಸೊಟ್ಟಗಾಗಿ ಇಳಿದಿದೆ, ಹಲ್ಲಿಲ್ಲ, ಕೆನ್ನೆ ಒಳಗೆ ಹೋಗಿದೆ. ಮೊದಲಿಂದ ಅಂಗಡಿಯಲ್ಲಿ ಉಸ್ತ್ರಾದಲ್ಲೇ ಮಾಡಿಸಿಕೊಂಡು ರೂಢಿ, ಮುಖದಲ್ಲಿ ಗಡ್ಡ ಇದ್ದರೆ ಅವರಿಗೆ ಸಮಾಧಾನ ಇಲ್ಲ. ನಾನೇ ಮನೆಯಲ್ಲಿ ಮಾಡಬಹುದಾ?

ಚರ್ಮ_ವೈದ್ಯೆ_ಮೈಸೂರು

ಮೊದಲು ಅವರ ಮಾತ್ರೆ ನೋಡಿ. ಪಾರ್ಶ್ವವಾಯುವಿನ ನಂತರ ಅನೇಕರಿಗೆ ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿರುತ್ತಾರೆ. ಹಾಗಿದ್ದರೆ ಸಣ್ಣ ಗಾಯದ ರಕ್ತವೂ ಬೇಗ ನಿಲ್ಲುವುದಿಲ್ಲ; ಎಲೆಕ್ಟ್ರಿಕ್ ಶೇವರ್ ಅಥವಾ ಟ್ರಿಮ್ಮರ್ ಒಳ್ಳೆಯದು. ಬಲಗಡೆ ಸ್ಪರ್ಶ ತಿಳಿಯದಿದ್ದರೆ ಗಾಯವಾದರೂ ಅವರು ಹೇಳಲಾರರು.

ಕೆನ್ನೆ ಉಬ್ಬಿಸಲೆಂದು ಬಾಯೊಳಗೆ ಹತ್ತಿ, ಬಟ್ಟೆ ಏನನ್ನೂ ಇಡಬೇಡಿ. ನುಂಗುವ ಶಕ್ತಿ ಕುಂದಿರಬಹುದು, ಗಂಟಲಿಗೆ ಹೋದರೆ ಅಪಾಯ. ನೆಟ್ಟಗೆ ಕೂರಿಸಿ, ತಲೆ ಪೂರ್ತಿ ಹಿಂದಕ್ಕೆ ಬಾಗಿಸಬೇಡಿ. ತುಟಿಯ ಹತ್ತಿರ ನೊರೆ ಬಹಳ ತೆಳ್ಳಗಿರಲಿ.

ಹುಬ್ಬಳ್ಳಿ_ಅಂಗಡಿ

ತಂಗೆವ್ವಾ, ಉಸ್ತ್ರಾ ನೀ ಹಿಡೀಬ್ಯಾಡ. ನಿಮ್ಮೂರ ಅಂಗಡಿಯವರನ್ನ ಕೇಳು, ಹಾಸಿಗಿ ಹಿಡದವರಿಗೆ ಮನಿಗೆ ಬಂದು ಮಾಡಿ ಹೋಗೂ ಮಂದಿ ಅದಾರ, ನಾನೂ ಹೋಗ್ತೀನಿ. ಡಾಕ್ಟರ್ರು ಮಾತ್ರೆ ಬಗ್ಗೆ ಹೇಳಿದ್ದನ್ನ ಅವರಿಗೆ ಮೊದಲ ಹೇಳು.

ಟ್ರಿಮ್ಮರ್ ಹಿಡದು ನೀನ ಮಾಡೂದಾದರೂ ಚರ್ಮ ಹಿಡಿಯೂದು ಅದೇ ಕ್ರಮ. ಬಿಸಿನೀರಾಗ ಹಿಂಡಿದ ಟವೆಲ್ ಮೊದಲ ನಿನ್ನ ಮುಂಗೈಗೆ ಇಟ್ಟು ಬಿಸಿ ನೋಡು, ಆಮೇಲೆ ಅಪ್ಪನ ಮಾರಿಗೆ. ವಯಸ್ಸಾದ ಚರ್ಮ ಬೆರಳಿಗೆ ಸಿಗೂದಿಲ್ಲ, ಒಣ ಬಟ್ಟಿ ಒಂದು ಸುತ್ತು ಬೆರಳಿಗೆ ಸುತ್ತಿ ಗಲ್ಲನ ಕಣ್ಣಿನ ಕಡೆ ಮ್ಯಾಲಕ್ಕ ಎತ್ತಿ ಹಿಡಿ. ಜೋರ ಬ್ಯಾಡ, ಆ ಚರ್ಮ ಬಾಳ ಸೂಕ್ಷ್ಮ. ಸುಕ್ಕು ಬಿಚ್ಚಿಕೊಂಡಷ್ಟು ಜಾಗಾ ಮಾಡಿ ಮುಂದ ಹೋಗು. ಇಳಿದ ಕಡೆ ಬಾಯಿ ಮೂಲ್ಯಾಗ ಜೊಲ್ಲು ನಿಂತು ಚರ್ಮ ನೆನದಿರ್ತದ, ಅಲ್ಲಿ ಒರಸಿ ಒಣಗಿಸಿದ ಮ್ಯಾಲೇ ಮಷೀನ್ ಹಚ್ಚು. ನಾಲ್ಕು ಕೂದಲ ಉಳದರ ಉಳೀಲಿ. ಯಾವ ಕಡೆ ಮಾಡಾಕತ್ತೀನಿ ಅಂತ ಅಪ್ಪಗ ಹೇಳಿ ಹೇಳಿ ಮಾಡು. ದಣಿದಂಗ ಕಂಡರ ಅರ್ಧಕ್ಕ ನಿಲ್ಲಿಸು, ಉಳಿದದ್ದು ಸಂಜಿಮುಂದ ಮಾಡಿದರ ನಡೀತದ.